ಮಗ್ದಲದ ಮರಿಯಳು ವೇಶ್ಯೆಯೆಂದು ಯಾವ ಸುವಾರ್ತೆಯಲ್ಲಿದೆ?

ಈಸ್ಟರ್ ಹತ್ತಿರವಾದಂತೆ ಪ್ರಸಂಗ ತರಬೇತಿಗೆ ಬರುವವರು ತಮ್ಮ ಕರಡುಗಳನ್ನು ನನಗೆ ತಂದುಕೊಡುತ್ತಾರೆ. ಪ್ರತಿ ವರ್ಷವೂ ಒಂದು ವಾಕ್ಯ ತಪ್ಪದೆ ಇರುತ್ತದೆ: ‘ವೇಶ್ಯೆಯಾಗಿದ್ದ ಮಗ್ದಲದ ಮರಿಯಳಿಗೇ ಪ್ರಭು ಮೊದಲು ಕಾಣಿಸಿಕೊಂಡನು.’ ‘ವೇಶ್ಯೆಯಾಗಿದ್ದ’ ಎಂಬುದರ ಕೆಳಗೆ ಗೆರೆ ಎಳೆದು, ‘ಎಷ್ಟನೇ ಅಧ್ಯಾಯ, ಎಷ್ಟನೇ ವಚನ?’ ಎಂದು ಬರೆದು ವಾಪಸು ಕೊಡುತ್ತೇನೆ. ಈವರೆಗೆ ಯಾರೂ ತೋರಿಸಿಲ್ಲ. ಅಂಥ ವಚನವೇ ಇಲ್ಲ.

ಅವಳ ಹೆಸರಿಗೆ ಬೆರೆತುಹೋಗಿರುವುದು ಬೇರೊಬ್ಬಳ ಕಥೆ. ಲೂಕನ 7ನೇ ಅಧ್ಯಾಯದ ಕೊನೆಯಲ್ಲಿ, ಫರಿಸಾಯನಾದ ಸೀಮೋನನ ಮನೆಗೆ ಒಬ್ಬ ಹೆಂಗಸು ಬಂದು ಯೇಸುವಿನ ಪಾದಗಳನ್ನು ಕಣ್ಣೀರಿನಿಂದ ತೋಯಿಸಿ, ತಲೆಗೂದಲಿನಿಂದ ಒರಸಿ, ಸುಗಂಧತೈಲ ಹಚ್ಚುತ್ತಾಳೆ. ಊರಿನವರ ಕಣ್ಣಲ್ಲಿ ಪಾಪಿ ಎಂದಷ್ಟೇ ಇದೆ. ಹೆಸರಿಲ್ಲ, ಪಾಪ ಯಾವುದೆಂದೂ ಇಲ್ಲ. 8ನೇ ಅಧ್ಯಾಯ ಶುರುವಾಗುತ್ತಲೇ ಬೇರೆ ಮಾತು. ಹನ್ನೆರಡು ಮಂದಿಯ ಜೊತೆ ಊರೂರು ತಿರುಗಿ, ಸ್ವಂತ ಆಸ್ತಿಯಿಂದ ಎಲ್ಲರ ಖರ್ಚು ನೋಡಿಕೊಂಡ ಸ್ತ್ರೀಯರ ಪಟ್ಟಿ ಅದು: ಏಳು ದೆವ್ವಗಳು ಬಿಟ್ಟುಹೋಗಿದ್ದ ಮಗ್ದಲದ ಮರಿಯಳು, ಗಲಿಲಾಯವನ್ನು ಆಳುತ್ತಿದ್ದ ಹೆರೋದನ ಮನೆವಾರ್ತೆಯವನಾದ ಕೂಜನ ಹೆಂಡತಿ ಯೋಹಾನಳು, ಸುಸನ್ನಳು, ಇನ್ನೂ ಅನೇಕರು. ಲೂಕನು ಮರಿಯಳ ಪರಿಚಯ ಮಾಡಿಕೊಡುವುದೇ ಇಲ್ಲಿ. ಹಿಂದಿನ ಪುಟದ ಹೆಂಗಸು ಇವಳೇ ಆಗಿದ್ದರೆ ಹಾಗೆಂದು ಹೇಳಲು ಅವನಿಗೆ ಅಡ್ಡಿಯೇನಿತ್ತು?

‘ಏಳು ದೆವ್ವ ಅಂದರೆ ಕೆಟ್ಟ ನಡತೆ ತಾನೇ ಸರ್?’ ಎಂದು ಕೇಳುತ್ತಾರೆ. ಅಲ್ಲ. ಸುವಾರ್ತೆಗಳಲ್ಲಿ ದೆವ್ವ ಹಿಡಿದವರು ನರಳುವವರು, ವಾಸಿಯಾಗಬೇಕಾದವರು. ಗೆರಸೇನರ ಸೀಮೆಯಲ್ಲಿ ಸಮಾಧಿಗಳ ನಡುವೆ ಇದ್ದವನಿಗೆ ದೆವ್ವಗಳ ದಂಡೇ ಹಿಡಿದಿತ್ತು. ಅವನ ನಡತೆಯನ್ನು ಯಾವ ಪ್ರಸಂಗಿಯೂ ಎತ್ತಿ ಆಡುವುದಿಲ್ಲ. ಹೆಂಗಸಾದರೆ ಮಾತ್ರ ನಮ್ಮ ಊಹೆ ಅಲ್ಲಿಗೇ ಓಡುತ್ತದೆ.

ಈ ಬೆರಕೆಗೆ ಅಧಿಕಾರದ ಮುದ್ರೆ ಬಿದ್ದದ್ದು ಕ್ರಿ.ಶ. 591ರಲ್ಲಿ. ಪೋಪ್ ಮಹಾ ಗ್ರೆಗೊರಿ ರೋಮಿನ ಪ್ರಸಂಗವೊಂದರಲ್ಲಿ ಆ ಹೆಸರಿಲ್ಲದ ಹೆಂಗಸು, ಯೇಸುವಿನ ಪಾದಗಳಿಗೆ ತೈಲ ಹಚ್ಚಿದ ಇನ್ನೊಬ್ಬಳಾದ ಬೇಥಾನ್ಯದ ಮರಿಯಳು, ಮಗ್ದಲದ ಮರಿಯಳು ಮೂವರೂ ಒಬ್ಬಳೇ ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದರೆಂದು ನಾನು ಹೇಳಲಾರೆ. ಪ್ಲೇಗ್ ಬಂದು ನಲುಗಿದ್ದ ನಗರದ ಜನರಿಗೆ ಪಶ್ಚಾತ್ತಾಪದ ದಾರಿ ತೋರಿಸುವುದು ಅವರ ಕಾಳಜಿಯಾಗಿತ್ತು. ಪೂರ್ವದ ಆರ್ಥಡಾಕ್ಸ್ ಸಭೆಗಳು ಮೂವರನ್ನೂ ಬೇರೆಬೇರೆಯಾಗಿಯೇ ಇಟ್ಟುಕೊಂಡವು. ಕಥೋಲಿಕ ಸಭೆ 1969ರ ಪಂಚಾಂಗ ಪರಿಷ್ಕರಣೆಯಲ್ಲಿ ಈ ಬೆರಕೆಯನ್ನು ಕೈಬಿಟ್ಟು, 2016ರಲ್ಲಿ ಜುಲೈ 22ರ ಅವಳ ಸ್ಮರಣೆಯನ್ನು ಅಪೊಸ್ತಲರ ಹಬ್ಬಗಳ ಸಾಲಿಗೆ ಏರಿಸಿತು. ನಮ್ಮ ಪ್ರಸಂಗಪೀಠಗಳಲ್ಲಿ ಮಾತ್ರ 591 ಇನ್ನೂ ಮುಗಿದಿಲ್ಲ.

ಇದರಿಂದ ಮುಚ್ಚಿಹೋಗುವುದು ಅವಳ ಸಾಕ್ಷಿ. ಗಂಡಸರು ಯೇಸುವನ್ನು ಬಿಟ್ಟು ಓಡಿಹೋದ ಮೇಲಿನ ಕಥೆಯನ್ನು ಮಾರ್ಕನು ಸ್ತ್ರೀಯರ ಕಣ್ಣಿನಿಂದಲೇ ಹೇಳುತ್ತಾನೆ. ಪ್ರಾಣ ಬಿಟ್ಟಾಗ ನೋಡುತ್ತಿದ್ದವರು ಅವರು, ಎಲ್ಲಿ ಇಟ್ಟರೆಂದು ನೋಡಿದವರೂ ಅವರೇ, ಬೆಳಗಾಗುತ್ತಲೇ ಸಮಾಧಿಗೆ ಹೋದವರೂ ಅವರೇ. ಈ ಮೂರೂ ಕಡೆ ಮಗ್ದಲದ ಮರಿಯಳ ಹೆಸರಿದೆ.

ಹಳ್ಳಿಯೊಂದರ ಸತ್ಯವೇದ ತರಗತಿಯಲ್ಲಿ ಒಬ್ಬ ಹುಡುಗ, ‘ಕತ್ತಲಲ್ಲಿ ಬೇರೆ ಯಾರದೋ ಸಮಾಧಿಗೆ ಹೋಗಿರಬಹುದಲ್ಲ?’ ಎಂದ. ನಾನು ಉತ್ತರ ಹೇಳುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬ ಅಜ್ಜಿ, ‘ಎದುರಿಗೇ ಕೂತು ನೋಡಿದ್ದಾರೆ ಅಂತ ಮತ್ತಾಯನಲ್ಲಿ ಐತಲ್ಲ ಮಗಾ. ನಮ್ಮನೆಯೋರನ್ನು ಮಣ್ಣು ಮಾಡಿದ ಜಾಗಕ್ಕೆ ನಾನು ಕಣ್ಣು ಮುಚ್ಕೊಂಡು ಹೋಗ್ತೀನಿ’ ಎಂದರು. ಆ ವಚನದ ಮೇಲೆ ಅದಕ್ಕಿಂತ ಒಳ್ಳೆಯ ವ್ಯಾಖ್ಯಾನ ನಾನು ಕೇಳಿಲ್ಲ.

ಹೆಂಗಸರ ಸಾಕ್ಷಿಯನ್ನು ಒಪ್ಪಬಾರದೆಂದು ಅದೇ ಶತಮಾನದ ಯೆಹೂದಿ ಇತಿಹಾಸಕಾರ ಜೋಸೀಫಸ್ ಬರೆದಿದ್ದಾನೆ. ಎಲ್ಲ ಊರುಗಳ ನ್ಯಾಯಸ್ಥಾನಗಳಲ್ಲೂ ಹಾಗೇ ನಡೆಯುತ್ತಿತ್ತೆಂದು ಹೇಳಲಾಗದು; ಆ ಒಂದು ಮಾತಿನ ಮೇಲೆ ಪುನರುತ್ಥಾನವನ್ನೇ ‘ಸಾಬೀತು’ ಮಾಡಲು ಹೊರಡಬೇಡಿ. ಆದರೆ ಸಮಾಧಿಯಿಂದ ಬಂದು ಹೇಳಿದ ಈ ಸ್ತ್ರೀಯರ ಮಾತನ್ನು ಅಪೊಸ್ತಲರೇ ನಂಬಲಿಲ್ಲವೆಂದು ಲೂಕನು ಮುಚ್ಚಿಡದೆ ಬರೆದಿದ್ದಾನೆ. ಕ್ರೈಸ್ತ ನಂಬಿಕೆಯನ್ನು ಖಂಡಿಸಿ ಬರೆದ ಎರಡನೇ ಶತಮಾನದ ತತ್ವಜ್ಞಾನಿ ಸೆಲ್ಸಸ್, ತಲೆಕೆಟ್ಟ ಹೆಂಗಸೊಬ್ಬಳ ಮಾತನ್ನು ನಂಬಿದ್ದೀರೆಂದು ಕ್ರೈಸ್ತರನ್ನು ಹಂಗಿಸಿದ. ಇಷ್ಟಾದರೂ ನಾಲ್ಕು ಸುವಾರ್ತೆಗಳೂ ಮರಿಯಳ ಹೆಸರನ್ನು ಬಿಟ್ಟುಕೊಡಲಿಲ್ಲ.

ಅವಳು ಯೇಸುವಿನ ಹೆಂಡತಿ ಎಂಬ ಕಥೆಗೂ ಸುವಾರ್ತೆಗಳಲ್ಲಿ ಆಧಾರವಿಲ್ಲ. ಅದಕ್ಕೂ ಗೆರೆ ಎಳೆಯುತ್ತೇನೆ.

ಈ ಸಲ ಬರೆಯುವವರು ಯೋಹಾನಳನ್ನು ಗಮನಿಸಿ. ಲೂಕ 24:10ರಲ್ಲಿ ಅವಳ ಹೆಸರು ಮತ್ತೆ ಬರುತ್ತದೆ. ಹೆರೋದನ ಅಧಿಕಾರಿಯೊಬ್ಬನ ಹೆಂಡತಿ ಗಲಿಲಾಯ ಬಿಟ್ಟು ಯೆರೂಸಲೇಮಿನ ಸಮಾಧಿಯ ತನಕ ಬಂದಿದ್ದಾಳೆ. ಅವಳ ಮೇಲೆ ಬರೆದ ಪ್ರಸಂಗ ಇನ್ನೂ ಒಂದೂ ನನ್ನ ಕೈಗೆ ಬಂದಿಲ್ಲ.