ಖಾಲಿ ಬಿಟ್ಟ 32 ಕಿಲೋಬೈಟ್

ಡೆಬಿಯನ್ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯ ಐಎಸ್‌ಒ ಕಡತವೊಂದನ್ನು (ಸಿಡಿಯ ಪಡಿಯಚ್ಚನ್ನು) ಹೆಕ್ಸ್ ಎಡಿಟರ್‌ನಲ್ಲಿ, ಎಂದರೆ ಬೈಟು ಬೈಟಾಗಿ ತೋರಿಸುವ ತಂತ್ರಾಂಶದಲ್ಲಿ, ತೆರೆದು, ಸೊನ್ನೆಯಿಂದ ಎಣಿಸುತ್ತ 32,769ನೆಯ ಬೈಟಿಗೆ ಬಂದರೆ, ಅಲ್ಲಿ ‘ಸಿಡಿ001’ (CD001) ಎಂಬ ಗುರುತು ಐದು ಚಿಹ್ನೆಗಳಲ್ಲಿ ಕಾಣಿಸುತ್ತದೆ. ಸಿಡಿಯಲ್ಲಿ ಕಡತಗಳನ್ನು ಜೋಡಿಸುವ ಬಗೆಯನ್ನು ಹೇಳುವ ಐಎಸ್‌ಒ 9660 ಮಾನದಂಡದ ಪ್ರಕಾರ ಸಿಡಿಯ ವಿವರ ಶುರುವಾಗುವುದೇ ಅಲ್ಲಿಂದ. ಅದಕ್ಕೂ ಹಿಂದಿರುವ, ತಲಾ 2,048 ಬೈಟುಗಳ 16 ಸೆಕ್ಟರ್‌ಗಳಿಗೆ 1988ರ ಆ ಮಾನದಂಡ ಯಾವ ಅರ್ಥವನ್ನೂ ಕೊಡದೆ, ಆಯಾ ಕಂಪ್ಯೂಟರ್ ವ್ಯವಸ್ಥೆಯ ಬಳಕೆಗೆಂದು ಬಿಟ್ಟುಕೊಟ್ಟಿತು. ಲ್ಯಾಪ್‌ಟಾಪ್‌ಗಳಿಂದ ಸಿಡಿ ಡ್ರೈವ್ ಮಾಯವಾದ ಮೇಲೂ ಡಿಸ್ಕ್ ಬರೆಯುವ ಮುಕ್ತ ತಂತ್ರಾಂಶ ಬದುಕಿ ಬೆಳೆಯುತ್ತಿರುವುದಕ್ಕೆ ಆ 32 ಕಿಲೋಬೈಟ್ ಜಾಗವೇ ಒಂದು ದೊಡ್ಡ ಕಾರಣವೆಂದು ನಾನು ನಂಬುತ್ತೇನೆ.

ಐಎಸ್‌ಒ ಕಡತವನ್ನು ಹಾಗೆಯೇ ನಕಲಿಸಿದ ಪೆನ್‌ಡ್ರೈವ್‌ನಿಂದ ಬೂಟ್ ಆಗುವಾಗ, ಎಂದರೆ ಕಂಪ್ಯೂಟರ್ ಚಾಲೂ ಆಗುವಾಗ, ಹಳೆಯ ಬಯೋಸ್ (ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶ) ಅದರ ಮೊದಲ 512 ಬೈಟುಗಳನ್ನು ಓದುತ್ತದೆ. ಸಿಡಿಯಿಂದ ಬೂಟ್ ಆಗುವಾಗ ಅದು ಆ ಕಡೆ ತಿರುಗಿಯೂ ನೋಡದೆ, ‘ಎಲ್ ಟೊರಿಟೊ’ ಪದ್ಧತಿಯಂತೆ (ಸೊನ್ನೆಯಿಂದ ಎಣಿಸಿದರೆ) 17ನೆಯ ಸೆಕ್ಟರ್‌ನಲ್ಲಿರುವ ಸೂಚನೆಯ ಜಾಡು ಹಿಡಿಯುತ್ತದೆ. ಒಂದರ ದಾರಿಗೆ ಇನ್ನೊಂದು ಅಡ್ಡ ಬರುವುದಿಲ್ಲವಾದ್ದರಿಂದ, ಖಾಲಿ ಜಾಗದಲ್ಲಿ ಪೆನ್‌ಡ್ರೈವ್‌ಗೆ ಬೇಕಾದ ಬೂಟ್ ಕೋಡನ್ನು ತುಂಬಿದರೆ ಒಂದೇ ಕಡತ ಎರಡಕ್ಕೂ ಸಲ್ಲುತ್ತದೆ. ಡೆಬಿಯನ್ ತನ್ನ ಕಡತಗಳನ್ನು ಹೀಗೆ ಸಿದ್ಧಪಡಿಸಲು ಕ್ಸೋರಿಸೊ ಎಂಬ ಉಪಕರಣವನ್ನು ಬಳಸುತ್ತದೆ.

ಈ ತಂತ್ರಾಂಶಗಳ ಹಿರಿಯಣ್ಣ ಎಂದರೆ ಜರ್ಮನಿಯ ಯೋರ್ಗ್ ಶಿಲ್ಲಿಂಗ್ 1990ರ ದಶಕದಲ್ಲಿ ಬರೆದ ಸಿಡಿರೆಕಾರ್ಡ್. 2006ರಲ್ಲಿ ಅವರು ಸಿಡಿರೆಕಾರ್ಡ್ ಒಳಗೊಂಡ ತಮ್ಮ ಸಿಡಿಆರ್‌ಟೂಲ್ಸ್ ಕಟ್ಟಿನ ಬಹುಭಾಗವನ್ನು ಸಿಡಿಡಿಎಲ್ ಎಂಬ ಮುಕ್ತ ಪರವಾನಗಿಗೆ ಬದಲಿಸಿದಾಗ, ಜೊತೆಯಲ್ಲಿದ್ದ, ಜಿಪಿಎಲ್ ಎಂಬ ಇನ್ನೊಂದು ಮುಕ್ತ ಪರವಾನಗಿಯ ಭಾಗಗಳಿಗೆ ಅದು ಹೊಂದುವುದಿಲ್ಲವೆಂದು ತೀರ್ಮಾನಿಸಿದ ಡೆಬಿಯನ್ ಬಳಗ, ಹಳೆಯ ಆವೃತ್ತಿಯಿಂದ ಸಿಡಿಆರ್‌ಕಿಟ್ ಎಂಬ ಕವಲನ್ನು (ಬೇರೆಯಾಗಿ ಬೆಳೆಸುವ ಪ್ರತಿಯನ್ನು) ತೆಗೆಯಿತು. ಶಿಲ್ಲಿಂಗ್ ಇದನ್ನು ಒಪ್ಪಲಿಲ್ಲ. ಕವಲು ಕೆಲವೇ ವರ್ಷಗಳಲ್ಲಿ ನಿಂತ ನೀರಾಯಿತು. ಶಿಲ್ಲಿಂಗ್ 2021ರಲ್ಲಿ ತೀರಿಕೊಂಡರು. ಎರಡೂ ಕಡೆಯ ಶ್ರಮ ಒಂದೇ ಕಡೆ ಹರಿದಿದ್ದರೆ ಎಷ್ಟು ಚೆನ್ನಾಗಿತ್ತು ಎಂಬ ಕೊರಗು ನನಗಿದೆ. ಇದೆಲ್ಲದರ ಪಕ್ಕದಲ್ಲೇ ಬೆಳೆದ, ಡಿಸ್ಕ್ ಬರೆಯುವ ತಂತ್ರಾಂಶದ ಲಿಬ್‌ಬರ್ನಿಯಾ ಯೋಜನೆಯನ್ನು ಥಾಮಸ್ ಷ್ಮಿಟ್ ತಾಳ್ಮೆಯಿಂದ ಕಾಪಾಡಿಕೊಂಡು ಬಂದಿದ್ದಾರೆ. ಕ್ಸೋರಿಸೊ ಬಂದದ್ದು ಅಲ್ಲಿಂದಲೇ.

ಸಿಡಿ ಡ್ರೈವ್‌ಗೆ ಕೊಡುವ, ಎಂಎಂಸಿ ಎಂಬ ಪ್ರಮಾಣಿತ ಆಜ್ಞೆಗಳು ಎಲ್ಲ ಕಾರ್ಯಾಚರಣ ವ್ಯವಸ್ಥೆಗಳಲ್ಲೂ ಒಂದೇ. ಅವನ್ನು ತಲುಪಿಸುವ ದಾರಿ ಮಾತ್ರ ಲಿನಕ್ಸ್, ಫ್ರೀಬಿಎಸ್‌ಡಿ, ವಿಂಡೋಸ್‌ಗಳಲ್ಲಿ ಬೇರೆ ಬೇರೆ. ಹೀಗಾಗಿ ಪರಿಷ್ಕರಣೆಯ ಅಗತ್ಯ ಹೆಚ್ಚಾಗಿ ಹುಟ್ಟುವುದು ಈ ದಾರಿಯಲ್ಲೇ. 2004ರಲ್ಲಿ ಲಿನಕ್ಸ್ 2.6.8 ಕರ್ನೆಲ್ (ವ್ಯವಸ್ಥೆಯ ತಿರುಳು) ಸಾಮಾನ್ಯ ಬಳಕೆದಾರರ ಆಜ್ಞೆಗಳನ್ನು ಭದ್ರತೆಗಾಗಿ ಸೋಸತೊಡಗಿದಾಗ, ಅಲ್ಲಿಯವರೆಗೆ ಸಲೀಸಾಗಿ ನಡೆಯುತ್ತಿದ್ದ ಸಿಡಿ ಬರೆಯುವ ಕೆಲಸ ಅನೇಕರಿಗೆ ಕೈಕೊಟ್ಟಿತು.

ಕನ್ನಡದ ಕಡತನಾಮಗಳ ಪಾಡೂ ಇಲ್ಲಿ ಹೇಳಬೇಕಾದದ್ದೇ. ಮೂಲ ಐಎಸ್‌ಒ 9660 ಒಪ್ಪುವುದು ಇಂಗ್ಲಿಷಿನ ದೊಡ್ಡಕ್ಷರ, ಅಂಕಿ ಮತ್ತು ಅಡಿಗೆರೆಗಳನ್ನಷ್ಟೇ. ಯೂನಿಕ್ಸ್ ಬಳಗದ ರಾಕ್ ರಿಡ್ಜ್, ಮೈಕ್ರೋಸಾಫ್ಟಿನ ಜೋಲಿಯೆಟ್ ಎಂಬ ವಿಸ್ತರಣೆಗಳು ‘ಅಜ್ಜಿಯ ಹಾಡು’ ಎಂಬ ಹೆಸರನ್ನು ಹಾಗೆಯೇ ಉಳಿಸುತ್ತವೆ. ಆದರೆ ಜೋಲಿಯೆಟ್‌ನಲ್ಲಿ ಒಂದು ಹೆಸರಿನ ಮಿತಿ 64 ಸಂಕೇತಗಳು, ಮತ್ತು ‘ಜ್ಜಿ’ ಎಂಬ ಒಂದೇ ಅಕ್ಷರಕ್ಕೆ ಅಂಥ ನಾಲ್ಕು ಬೇಕು.

ಬರೆದ ಸಿಡಿಯನ್ನು ತಾಳೆ ನೋಡುವವರು ಇನ್ನೊಂದನ್ನು ಗಮನಿಸಬೇಕು. ಕೆಲವು ವಿಧಾನಗಳಲ್ಲಿ ಬರೆದಾಗ ಕೊನೆಯ ಎರಡು ಸೆಕ್ಟರ್‌ಗಳು ಓದಲಾಗದಂತೆ ಉಳಿಯುತ್ತವೆ. ಮುಂದಾಗಿಯೇ ಓದಿಡುವ ಲಿನಕ್ಸ್ ಅವನ್ನು ಮುಟ್ಟಿದರೆ ಪಕ್ಕದ ಒಳ್ಳೆಯ ದತ್ತಾಂಶವೂ ದೋಷವೆಂದು ಕಾಣುತ್ತದೆ. ಅದಕ್ಕಾಗಿ ಕ್ಸೋರಿಸೊ ತಾನಾಗಿಯೇ ಕೊನೆಯಲ್ಲಿ 150 ಖಾಲಿ ಸೆಕ್ಟರ್‌ಗಳನ್ನು ಸೇರಿಸುತ್ತದೆ. ಆದ್ದರಿಂದ ಚೆಕ್‌ಸಮ್ (ದತ್ತಾಂಶವನ್ನು ತಾಳೆ ನೋಡಲು ಲೆಕ್ಕ ಹಾಕುವ ಸಂಖ್ಯೆ) ತೆಗೆಯುವಾಗ ಇಡೀ ಡಿಸ್ಕನ್ನು ಓದಿಸದೆ, ಮೂಲ ಕಡತದ ಗಾತ್ರವನ್ನು 2,048ರಿಂದ ಭಾಗಿಸಿ, ಬಂದಷ್ಟು ಸೆಕ್ಟರ್‌ಗಳನ್ನು ಮಾತ್ರ ಓದಿಸಿ ಹೋಲಿಸಬೇಕು.