ಬಿಸಿ ಕಂಪ್ರೆಸರಿಗೆ ಫ್ಯಾನು ಮದ್ದಲ್ಲ

ಕೋಲ್ಡ್ ರೂಮಿನಲ್ಲಿ ಗ್ಯಾಸನ್ನು ಒತ್ತಿ ಸುತ್ತಾಡಿಸುವ ಕಂಪ್ರೆಸರ್ ಮುಟ್ಟಲಾಗದಷ್ಟು ಬಿಸಿಯಾಗಿದೆ ಎಂಬ ಕರೆ ಬಂದು ನಾನು ಹೋಗಿ ನೋಡುವಷ್ಟರಲ್ಲಿ ಅದರ ಮುಂದೆ ಟೇಬಲ್ ಫ್ಯಾನೊಂದು ತಿರುಗುತ್ತಿರುತ್ತದೆ. ಕೆಲವರು ಒದ್ದೆ ಬಟ್ಟೆಯನ್ನೂ ಹೊದಿಸಿರುತ್ತಾರೆ. ವಿದ್ಯುತ್ ಟರ್ಮಿನಲ್ಲುಗಳಿರುವ ಯಂತ್ರಕ್ಕೆ ನೀರು ತಾಗಿಸುವುದು ಅಪಾಯವೆಂದು ಬಿಡಿಸಿ ಹೇಳಬೇಕಾಗಿಲ್ಲ. ಎಷ್ಟು ಬಾರಿ ಹೇಳಿದರೂ ತಲೆಗೆ ಹೋಗದಿರುವುದು ಬೇರೆ ಮಾತು: ಕೋಲ್ಡ್ ರೂಮುಗಳಲ್ಲಿ ಸಾಮಾನ್ಯವಾಗಿರುವ ಮುಚ್ಚಿದ ಕವಚದ ಪಿಸ್ಟನ್ ಕಂಪ್ರೆಸರನ್ನು ಮುಖ್ಯವಾಗಿ ತಂಪಾಗಿಡುವುದು ಅದರೊಳಕ್ಕೆ ಮರಳಿ ಬರುವ ಗ್ಯಾಸ್.

ಕೋಣೆಯ ಶಾಖ ಹೀರುವ ಇವಾಪೊರೇಟರಿನಿಂದ ಬಂದ ತಣ್ಣನೆಯ ಗ್ಯಾಸ್ ಮೊದಲು ಮೋಟರಿನ ವೈಂಡಿಂಗ್ (ತಂತಿಸುರುಳಿ) ಮೇಲೆ ಹಾದು, ಅದರ ಶಾಖವನ್ನು ಹೀರಿಕೊಂಡು, ಅನಂತರ ಸಿಲಿಂಡರನ್ನು ಸೇರುತ್ತದೆ. ಗ್ಯಾಸ್ ಸೋರಿ ಕಡಿಮೆಯಾದರೆ ಈ ಹರಿವು ಕುಗ್ಗಿ, ವೈಂಡಿಂಗ್ ಕಾದು, ಓವರ್‌ಲೋಡ್ ಸ್ವಿಚ್ ಟ್ರಿಪ್ ಆಗಿ ಯಂತ್ರ ನಿಲ್ಲುತ್ತದೆ; ಹೊರಗಿನ ಫ್ಯಾನು ಕವಚವನ್ನು ಒಂದಿಷ್ಟು ತಣಿಸೀತೇ ಹೊರತು ವೈಂಡಿಂಗಿನ ಬವಣೆ ನೀಗುವುದಿಲ್ಲ. ಇಷ್ಟು ಹೇಳಿದೊಡನೆ ‘ಹಾಗಾದರೆ ಗ್ಯಾಸ್ ತುಂಬಿಸಿಬಿಡಿ’ ಎನ್ನುತ್ತಾರೆ. ಒತ್ತಡ ಅಳೆಯುವ ಗೇಜ್ ಹಾಕದೆ, ಸೋರಿಕೆ ಹುಡುಕದೆ ತುಂಬಿಸಿದ ಹೆಚ್ಚುವರಿ ಗ್ಯಾಸ್ ದ್ರವವಾಗಿ ಕಂಡೆನ್ಸರಿನಲ್ಲಿ (ಗ್ಯಾಸ್ ಶಾಖ ಬಿಟ್ಟು ದ್ರವವಾಗುವ ಕೊಳವೆಜಾಲ) ನಿಂತು, ಶಾಖ ಬಿಡುವ ಜಾಗವನ್ನು ಆಕ್ರಮಿಸಿ, ಒತ್ತಡವನ್ನು ಏರಿಸುತ್ತದೆ.

ಆ ಒತ್ತಡವೇ ನಿಜವಾದ ಕಥೆ. ತಂಪು ಯಂತ್ರಗಳಲ್ಲಿ ಬಳಸುವ ಆರ್-134ಎ ಗ್ಯಾಸ್ ಮೈನಸ್ 10 ಡಿಗ್ರಿಯಲ್ಲಿ ಆವಿಯಾಗುವಾಗ ಅದರ ನಿರಪೇಕ್ಷ (ನಿರ್ವಾತದಿಂದ ಅಳೆದ) ಒತ್ತಡ ಸುಮಾರು 2 ಬಾರ್; 40 ಡಿಗ್ರಿಯಲ್ಲಿ ದ್ರವವಾಗುವಾಗ ಸುಮಾರು 10 ಬಾರ್, ಅಂದರೆ ಐದು ಪಟ್ಟು. ಕಂಡೆನ್ಸರಿಗೆ ಧೂಳು ಕಟ್ಟಿಕೊಂಡು ಅದೇ ಕೆಲಸ 55 ಡಿಗ್ರಿಯಲ್ಲಿ ನಡೆಯಬೇಕಾದರೆ 15 ಬಾರ್ ಬೇಕು, ಏಳೂವರೆ ಪಟ್ಟು. ಈ ಎರಡು ಒತ್ತಡಗಳ ಅನುಪಾತ ಹೆಚ್ಚಿದಷ್ಟೂ ಪಿಸ್ಟನ್ನಿನ ಮೇಲ್ತುದಿಯ ಸಂದಿಯಲ್ಲಿ ಉಳಿದ ಗ್ಯಾಸ್ ಮತ್ತೆ ಹಿಗ್ಗಿ, ಹೊಸ ಗ್ಯಾಸಿಗೆ ಜಾಗ ಕೊಡುವುದಿಲ್ಲ. ತಂಪು ಇಳಿಯುತ್ತದೆ, ಡಿಸ್ಚಾರ್ಜ್ (ಕಂಪ್ರೆಸರಿನಿಂದ ಹೊರಬೀಳುವ ಗ್ಯಾಸಿನ) ಬಿಸಿ ಏರುತ್ತದೆ. ದ್ರವವಾಗುವ ತಾಪಮಾನವನ್ನು ಒಂದು ಡಿಗ್ರಿ ಇಳಿಸಿದರೆ ವಿದ್ಯುತ್ ಸ್ಥೂಲವಾಗಿ ನೂರಕ್ಕೆ ಎರಡು–ಮೂರರಷ್ಟು ಉಳಿಯುತ್ತದೆ ಎಂಬುದು ನಮ್ಮ ವೃತ್ತಿಯ ರೂಢಿಯ ಲೆಕ್ಕ. ಯಂತ್ರದಿಂದ ಯಂತ್ರಕ್ಕೆ ಇದು ಬದಲಾಗುತ್ತದೆ.

ಹೊಸ ಕಂಪ್ರೆಸರಿಗೆ ಹಣ ಹೊಂದಿಸುತ್ತಿದ್ದ ಕೋಲ್ಡ್ ರೂಮಿನ ಮಾಲೀಕರೊಬ್ಬರು, ತಮ್ಮ ಕಂಡೆನ್ಸರನ್ನು ವಾರ ವಾರವೂ ಬ್ರಷ್ ಮಾಡಿಸುವುದಾಗಿ ಹೆಮ್ಮೆಯಿಂದ ತೋರಿಸಿದರು. ಮುಂದಿನ ಫಿನ್ನುಗಳು (ತೆಳು ಲೋಹದ ಪಟ್ಟಿಗಳು) ನಿಜಕ್ಕೂ ಹೊಳೆಯುತ್ತಿದ್ದವು. ಹಿಂದಿನಿಂದ ಟಾರ್ಚ್ ಹಿಡಿದರೆ ಬೆಳಕು ಈಚೆ ಬರಲಿಲ್ಲ: ಎರಡು ಸಾಲು ಕೊಳವೆಗಳ ನಡುವೆ ಧೂಳು ಕಂಬಳಿಯಂತೆ ಹೆಣೆದುಕೊಂಡಿತ್ತು. ಸಾಲದ್ದಕ್ಕೆ ಬಿಸಿಗಾಳಿ ಹೊರಬೀಳುವ ಕಡೆ ರಟ್ಟಿನ ಪೆಟ್ಟಿಗೆಗಳ ರಾಶಿ. ಎರಡನ್ನೂ ತೆಗೆಸಿದ ಮೇಲೆ ಹಳೆಯ ಕಂಪ್ರೆಸರೇ ಸಾಕಾಯಿತು. ಟೇಬಲ್ ಫ್ಯಾನನ್ನು ಮಾತ್ರ ಅವರು ತೆಗೆಯಲೊಪ್ಪಲಿಲ್ಲ. ಅಷ್ಟು ಪ್ರೀತಿಯಿಂದ ಇಟ್ಟಿದ್ದರು, ನಾನೂ ವಾದಿಸಲಿಲ್ಲ.

ಕೈಯಿಂದ ಕವಚ ಮುಟ್ಟಿ ತೀರ್ಪು ಕೊಡಬೇಡಿ. ರೋಟರಿ ಮಾದರಿಗಳ ಕವಚದಲ್ಲಿ ಡಿಸ್ಚಾರ್ಜ್ ಗ್ಯಾಸೇ ತುಂಬಿರುವುದರಿಂದ ಅವು ಬಿಸಿಯಾಗಿರುವುದೇ ಸಹಜ. ಕಂಪ್ರೆಸರಿನಿಂದ ಸುಮಾರು 15 ಸೆಂಟಿಮೀಟರ್ ದೂರದಲ್ಲಿ ಡಿಸ್ಚಾರ್ಜ್ ಪೈಪಿಗೆ ಥರ್ಮಾಮೀಟರ್ ಕಟ್ಟಿ ನೋಡಿ. 105 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದರೆ ಎಣ್ಣೆ ಕೆಡುವ ಬಗ್ಗೆ ಚಿಂತಿಸಬೇಕು, ಆದರೂ ತಯಾರಕರು ಕೊಟ್ಟ ಮಿತಿಯೇ ಅಂತಿಮ. ಗ್ಯಾಸನ್ನು ಮರಳಿ ತರುವ ಸಕ್ಷನ್ ಪೈಪಿನ ಇನ್ಸುಲೇಷನ್ ಹರಿದಿದ್ದರೆ ಮೊದಲು ಅದನ್ನು ಸರಿಪಡಿಸಿ: ಮೆಷಿನ್ ರೂಮಿನ ಬಿಸಿ ಅಲ್ಲಿಂದಲೇ ಗ್ಯಾಸಿಗೆ ಸೇರುತ್ತದೆ.

ಅತಿ ತಂಪಿನ ಕೆಲವು ಮಾದರಿಗಳಿಗೆ ತಯಾರಕರೇ ಫ್ಯಾನು ಕೊಟ್ಟಿರುತ್ತಾರೆ, ಅದನ್ನು ಕಳಚಬಾರದು. ನಿಂತಿರುವ ಕಂಪ್ರೆಸರಿನ ತಳ ಬೆಚ್ಚಗಿದ್ದರೆ ಗಾಬರಿಪಟ್ಟು, ಎಣ್ಣೆಯನ್ನು ಬೆಚ್ಚಗಿಡುವ ಕ್ರ್ಯಾಂಕ್‌ಕೇಸ್ ಹೀಟರಿನ ವೈರನ್ನೂ ಕತ್ತರಿಸಬಾರದು. ಆ ಬಿಸಿಯಿಲ್ಲದಿದ್ದರೆ ಗ್ಯಾಸ್ ಎಣ್ಣೆಯಲ್ಲಿ ಕರಗಿ, ಮುಂದಿನ ಬಾರಿ ಚಾಲೂ ಮಾಡಿದೊಡನೆ ಎಣ್ಣೆ ನೊರೆಯೆದ್ದು ಬೇರಿಂಗುಗಳನ್ನು ಒಣಗಿಸಿ ಹೋಗುತ್ತದೆ.