ಫೀಸ್ ಆಮೇಲೆ, ರಾತ್ರಿ ಯಾರಿರ್ತಾರೆ ಕೇಳಿ

ಮಕ್ಕಳು ಬೆಂಗ್ಳೂರಲ್ಲೋ ಗಲ್ಫಲ್ಲೋ, ಇಲ್ಲಿ ಕಾಸರಗೋಡಿನ ಬದಿಯಡ್ಕ ಮುಳ್ಳೇರಿಯ ಕಡೆ ಅಡಿಕೆ ತೋಟದ ನಡುವೆ ದೊಡ್ಡ ಮನೆ, ಅದ್ರಲ್ಲಿ ಒಬ್ರೇ ಅಜ್ಜಿ. ಪಾಲಿಯೇಟಿವ್ ನರ್ಸಾಗಿ (ಹಾಸಿಗೆ ಹಿಡಿದವ್ರನ್ನ, ವಾಸಿಯಾಗದ ಕಾಯಿಲೆಯವ್ರನ್ನ ನೋಡ್ಕೊಳ್ಳುವ ಕೆಲ್ಸ) ಮನೆ ಮನೆ ತಿರುಗುವಾಗ ಈಗೀಗ ಎಲ್ರೂ ಕೇಳುವುದು ಒಂದೇ, "ಸಿಸ್ಟರೇ, ಅಮ್ಮನ್ನ ಯಾವ ಹೋಮಿಗೆ ಸೇರಿಸ್ಬೋದು?" ಹೋಮ್ ಅಂದ್ರೆ ವೃದ್ಧಾಶ್ರಮ. ನಾನು ಹೆಸ್ರು ಹೇಳುವುದಿಲ್ಲ, ಹೇಗೆ ನೋಡ್ಬೇಕು ಅಂತ ಮಾತ್ರ ಹೇಳ್ತೇನೆ.

ಹೆಚ್ಚಿನವ್ರು ಭಾನುವಾರ ಹನ್ನೊಂದು ಗಂಟೆಗೆ ಮೊದ್ಲೇ ಫೋನ್ ಮಾಡಿ ಹೋಗ್ತಾರೆ, ಆಫೀಸಲ್ಲಿ ಕೂತು ಚಾ ಕುಡಿದು, ಗಾರ್ಡನ್ ನೋಡಿ, ಹೊಳೆಯುವ ಟೈಲ್ಸ್ ನೋಡಿ ಖುಷಿಯಾಗಿ ಬರ್ತಾರೆ. (ಬಾತ್‌ರೂಮಲ್ಲಿ ನೀರು ಬಿದ್ರೆ ಸೊಂಟ ಮುರಿಯುವುದು ಅದೇ ಟೈಲ್ಸಿಂದ, ಹಿಡ್ಕೊಳ್ಳಲಿಕ್ಕೆ ಗೋಡೆಗೆ ಕಂಬಿ ಉಂಟಾ ನೋಡಿ.) ಹೇಳದೆ ಕೇಳದೆ ಒಮ್ಮೆ ಸಂಜೆ ಏಳೂವರೆಗೆ ಹೋಗಿ. ಅಷ್ಟೊತ್ತಿಗೆ ಹಗಲಿನ ಸ್ಟಾಫ್ ಮನೆಗೆ ಹೋಗಿ ಆಗಿರ್ತದೆ. ಮೂವತ್ತು ಜನಕ್ಕೆ ಒಬ್ಳೇ ಅಟೆಂಡರ್, ಅವ್ಳೇ ಗಂಜಿ ಬಡಿಸಿ ಪಾತ್ರೆ ತೊಳೀಬೇಕು ಅಂತಾದ್ರೆ ರಾತ್ರಿ ಎರಡಕ್ಕೆ ಬಾತ್‌ರೂಮಿಗೆ ಏಳುವ ಅಜ್ಜನ್ನ ಹಿಡಿಯುವವ್ರು ಯಾರು? ಗ್ರಿಲ್‌ಗೆ ಬೀಗ ಹಾಕಿದ್ರೆ ಕೀ ಯಾರತ್ರ, ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಏರ್‌ಬೆಡ್ಡಿನ (ಗಾಳಿ ತುಂಬುವ ಹಾಸಿಗೆ) ಪಂಪಿಗೆ ಇನ್ವರ್ಟರ್ ಉಂಟಾ, ಇದನ್ನೂ ಕೇಳಿ.

ಬೆಡ್ ಸೋರ್, ಅಂದ್ರೆ ಮಲಗಿದಲ್ಲೇ ಇದ್ದು ಆಗುವ ಹುಣ್ಣು, ಎಷ್ಟು ಜನಕ್ಕೆ ಉಂಟು ಅಂತ ನೇರ ಕೇಳಿ. "ನಮ್ಮಲ್ಲಿ ಯಾರಿಗೂ ಬರುವುದೇ ಇಲ್ಲ" ಅಂದ್ರೆ ನಂಗೆ ಡೌಟೇ. "ಇಬ್ರಿಗೆ ಉಂಟು, ಒಬ್ರು ಆಸ್ಪತ್ರೆಯಿಂದ ಬರುವಾಗಲೇ ಇತ್ತು, ಡ್ರೆಸ್ಸಿಂಗ್ ಮಾಡ್ತಾ ಇದ್ದೇವೆ" ಅನ್ನುವವ್ರು ಮೇಲು. ಸ್ವಂತ ಮಗ್ಗುಲು ಬದಲಾಯಿಸ್ಲಿಕ್ಕೆ ಆಗದವ್ರನ್ನ ಸಾಧಾರಣ ಎರಡು ಗಂಟೆಗೊಮ್ಮೆ ತಿರುಗಿಸ್ಬೇಕು, ಬೆನ್ನಿನ ಬುಡ, ಹಿಮ್ಮಡಿ, ಸೊಂಟದ ಮೂಳೆ ಇಲ್ಲೆಲ್ಲ ಚರ್ಮ ಮೊದ್ಲು ಕೆಂಪಾಗ್ತದೆ. ತಿರುಗಿಸಿದ ಹೊತ್ತು ಬರೆಯಲಿಕ್ಕೆ ಚಾರ್ಟ್ ಇರ್ತದೆ, ಆದ್ರೆ ಚಾರ್ಟ್ ಇದ್ರೆ ಸಾಕಾಗುವುದಿಲ್ಲ, ಒಂದು ಕಡೆ ಸಂಜೆ ಏಳಕ್ಕೇ ರಾತ್ರಿ ಹತ್ತರ ಕಾಲಂ ತುಂಬಿದ್ದು ನಾನೇ ನೋಡಿದ್ದೇನೆ. ಗಾಟು ಫಿನಾಯಿಲ್ ವಾಸನೆ ಬಂದ್ರೂ ಕ್ಲೀನ್ ಅಂದ್ಕೊಳ್ಬೇಡಿ, ಏನನ್ನೋ ಮುಚ್ಚಲಿಕ್ಕೂ ಇರ್ಬೋದು. ಎಲ್ರೂ ಎಂಟು ಗಂಟೆಗೇ ಗಾಢ ನಿದ್ದೆಯಲ್ಲಿದ್ರೆ ನಿದ್ದೆ ಮಾತ್ರೆ ಯಾವ ಡಾಕ್ಟ್ರು ಬರ್ದದ್ದು ಅಂತ ಚೀಟಿ ಕೇಳಿ.

ಮತ್ತೆ ನಮ್ಮ ಕಾಸರಗೋಡಿಗೇ ಸೇರಿದ ಒಂದು ವಿಷ್ಯ, ಭಾಷೆ. ಇಲ್ಲಿ ಹೆಚ್ಚಿನ ಕಡೆ ಸ್ಟಾಫ್ ಮಲಯಾಳದವ್ರು, ಒಳ್ಳೆ ಮಕ್ಕಳೇ, ಆದ್ರೆ ಮರೆವಿನ ಕಾಯಿಲೆ ಬಂದವ್ರಿಗೆ ಎಷ್ಟೋ ಸಲ ಆಮೇಲೆ ಕಲ್ತ ಭಾಷೆ ಮೊದ್ಲು ಹೋಗ್ತದೆ, ಮನೆಮಾತು ಉಳೀತದೆ. ಒಬ್ರು ಹವ್ಯಕ ಅಜ್ಜಿ, ಜೀವಮಾನ ಇಡೀ ಮಲಯಾಳದಲ್ಲೇ ವ್ಯಾಪಾರ ಮಾಡಿದವ್ರು, ಹೋಮಲ್ಲಿ ಇಡೀ ದಿನ "ಆಸರಾವ್ತು, ಆಸರಾವ್ತು" ಅಂತಿದ್ರು. ಸ್ಟಾಫ್ ಮಗಳಿಗೆ ಫೋನ್ ಮಾಡಿ "ನಿಮ್ಮಲ್ಲಿ ಆಶಾ ಅಂತ ಯಾರಾದ್ರೂ ಇದ್ದಾರಾ, ಅಮ್ಮ ಅವ್ರನ್ನೇ ಕರೀತಾರೆ" ಅಂದ್ರಂತೆ. ನಾನು ಹೋಗಿ ನೋಡುವಾಗ ನಾಲಿಗೆ ಒಣಗಿ ಮರದ ಚಕ್ಕೆ ಹಾಗೆ, ಮೂತ್ರ ಗಾಢ ಹಳದಿ. ಹವ್ಯಕರ ಮನೆಮಾತಲ್ಲಿ ಆಸರು ಅಂದ್ರೆ ಬಾಯಾರಿಕೆ, ಅದನ್ನೇ ಹೇಳ್ತಿದ್ರು ಪಾಪ. ನೀರು ಕಮ್ಮಿ ಆದ್ರೆ ವಯಸ್ಸಾದವ್ರಿಗೆ ಗೊಂದಲ ಹೆಚ್ಚಾಗ್ತದೆ, ಆಗ "ತಲೆ ಇನ್ನೂ ಕೆಟ್ಟಿತು" ಅಂತ ಬರೀತಾರೆ.

ಆವತ್ತು ನೋವು, ನೀರು, ಚಳಿ, ಮೂತ್ರಕ್ಕೆ ಹೋಗ್ಬೇಕು ಅಂತ ಹತ್ತು ಮಾತು ಅವ್ರು ಹೇಳುವ ಹಾಗೇ ಮಲಯಾಳ ಲಿಪಿಯಲ್ಲಿ ಬರ್ದು, ಪಕ್ಕದಲ್ಲಿ ಅರ್ಥ ಹಾಕಿ ಮಂಚದ ಮೇಲೆ ಅಂಟಿಸಿದ್ವಿ. ತುಳು, ಮರಾಠಿ, ಕೊಂಕಣಿ ಮನೆಯವ್ರೂ ಹೀಗೇ ಮಾಡಿ.

ಕಾಗದ ಪತ್ರ ಬೇಗ ಮುಗೀತದೆ: ಓರ್ಫನೇಜ್ ಕಂಟ್ರೋಲ್ ಬೋರ್ಡಿನ (ಕೇರಳದಲ್ಲಿ ವೃದ್ಧಾಶ್ರಮಗಳೂ ಇದರ ಕೆಳಗೇ ಬರ್ತವೆ) ಸರ್ಟಿಫಿಕೇಟ್ ಉಂಟಾ, ಎಮರ್ಜೆನ್ಸಿಗೆ ಕಾಸರಗೋಡಿಗಾ ಮಂಗಳೂರಿಗಾ, ವಾಹನ ಯಾರ್ದು. ಆಸ್ತಿ ಬರೆಸ್ಕೊಂಡು ಆಮೇಲೆ ನೋಡದವ್ರ ವಿಷ್ಯಕ್ಕೆ 2007ರ ಹಿರಿಯ ನಾಗರಿಕರ ಕಾಯ್ದೆ ಉಂಟು, ನೋಡ್ಕೊಳ್ತೇವೆ ಅನ್ನುವ ಷರತ್ತಲ್ಲಿ ಬರ್ದ ದಾನಪತ್ರ ಆ ಕಾಯ್ದೆಯ ಟ್ರಿಬ್ಯೂನಲಲ್ಲಿ (ದೂರು ಕೇಳುವ ನ್ಯಾಯಮಂಡಳಿ) ರದ್ದಾಗ್ಬೋದು. ಏನೇ ತೊಂದ್ರೆ ಆದ್ರೆ ಹಿರಿಯರ ಸಹಾಯವಾಣಿ ಎಲ್ಡರ್ ಲೈನ್ 14567, ಟೋಲ್ ಫ್ರೀ. ಆ ನಂಬರನ್ನೂ ಮಂಚದ ಮೇಲಿನ ಅದೇ ಚೀಟಿಯಲ್ಲಿ ಬರ್ದಿಡಿ.